ಸಹಿಗೆ ಮುಂಚೆ ಕೈಕೆಲಸ ನೋಡಿ: ಔಷಧಾಲಯದ ತರಬೇತಿಯಲ್ಲಿ ಮೌಲ್ಯಮಾಪನ ಹೇಗೆ?

ಫಾರ್ಮ್.ಡಿ ಇಂಟರ್ನ್‌ಗಳ ಮೌಲ್ಯಮಾಪನದ ಹಾಳೆಗಳನ್ನು ಒಂದು ಕಟ್ಟು ಎತ್ತಿ ನೋಡಿ. ಐದು ಅಂಶ, ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಮೊದಲ ಹಾಳೆಯಲ್ಲಿ 4, 4, 4, 4, 4. ಎರಡನೆಯದರಲ್ಲೂ ಅದೇ ಸಾಲು. ಮೂರನೆಯದರಲ್ಲಿ ಎಲ್ಲೋ ಒಂದು 5. ಆ ಹುಡುಗಿ ದಿನಾ ಬೇಗ ಬರುತ್ತಿದ್ದಳಂತೆ. ಡಿ.ಫಾರ್ಮ್‌ನವರ ಫಾರಂ ಇನ್ನೂ ಹಗುರ: 500 ಗಂಟೆ ತುಂಬಿದೆಯೇ, ಸಹಿ, ಮೊಹರು, ಮುಗಿಯಿತು. ಅಂಗಡಿಯ ಮೆಟ್ಟಿಲನ್ನೇ ಹತ್ತದವರಿಗೆ ಸಹಿ ಹಾಕಿಕೊಡುವವರೂ ಇದ್ದಾರೆ. ಅವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ, ಪುಟ ತಿರುಗಿಸಬಹುದು. ನಾನು ಬರೆಯುತ್ತಿರುವುದು ತರಬೇತಿಗೆ ಬಂದವರನ್ನು ನಿಜಕ್ಕೂ ಅಂಗಡಿಯಲ್ಲಿ ನಿಲ್ಲಿಸಿಕೊಂಡು, ಕಲಿಸಿ, ಕೊನೆಗೆ ಅಂಕ ಹಾಕುವಾಗ ಮಾತ್ರ ಅಂದಾಜಿನ ಮೇಲೆ ಹೋಗುವ ಫಾರ್ಮಸಿಸ್ಟ್‌ಗಳಿಗೆ. ಅಂಥವರು ಬಹಳ ಮಂದಿ.

ನಿಯಮ ಚುಟುಕಾಗಿ ಹೀಗಿದೆ. 1991ರ ಶಿಕ್ಷಣ ನಿಯಮಾವಳಿಯ ಪ್ರಕಾರ ಡಿ.ಫಾರ್ಮ್‌ನವರಿಗೆ ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧ ಕೊಡುವ ಕೆಲಸ. 2020ರಲ್ಲಿ ಹೊಸ ನಿಯಮಾವಳಿ ಬಂದಾಗಲೂ 500 ಗಂಟೆ ಉಳಿಯಿತು. 2008ರ ಫಾರ್ಮ್.ಡಿ ನಿಯಮಾವಳಿಯಲ್ಲಿ ಆರನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್: ಆರು ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಐದು ಅಂಶಗಳಲ್ಲಿ ಯಾವುದಾದರೂ ಒಂದರಲ್ಲಿ 3ಕ್ಕಿಂತ ಕಡಿಮೆ ಬಂದರೂ ಇಂಟರ್ನ್‌ಶಿಪ್ ತೃಪ್ತಿಕರವಾಗಿ ಮುಗಿದಿಲ್ಲ ಎಂದು ಆ ನಿಯಮಾವಳಿಯೇ ಹೇಳುತ್ತದೆ. ಅಷ್ಟು ತೂಕದ ಅಂಕವನ್ನು ನಾವು ನೆನಪಿನಿಂದ ಹಾಕುತ್ತೇವೆ.

ಅಮೆರಿಕದ ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಸಾಮರ್ಥ್ಯವನ್ನು ನಾಲ್ಕು ಹಂತ ಮಾಡಿ ತೋರಿಸಿದರು: ವಿಷಯ ಗೊತ್ತು, ಹೇಗೆ ಮಾಡಬೇಕೆಂದು ಗೊತ್ತು, ಮಾಡಿ ತೋರಿಸಬಲ್ಲ, ದಿನನಿತ್ಯ ಮಾಡುತ್ತಾನೆ. ಥಿಯರಿ ಪೇಪರು, 2022ರ ನಿಯಮಾವಳಿ ತಂದ ಡಿ.ಫಾರ್ಮ್ ನಿರ್ಗಮನ ಪರೀಕ್ಷೆ ಇವೆಲ್ಲ ಮೊದಲ ಎರಡನ್ನು ಅಳೆಯುತ್ತವೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ರೂಪಿಸಿದ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುವ ಓಎಸ್‌ಸಿಇ ಪರೀಕ್ಷೆ ಮೂರನೆಯದನ್ನು ಅಳೆಯುತ್ತದೆ. ನಾಲ್ಕನೆಯದು ಕಾಣುವುದು ನಿಮ್ಮ ಕೌಂಟರ್‌ನಲ್ಲಿ, ನಿಮ್ಮ ವಾರ್ಡಿನಲ್ಲಿ. ಅಲ್ಲಿ ನೀವೇ ನೋಡದಿದ್ದರೆ ಇನ್ನು ಯಾರೂ ನೋಡುವುದಿಲ್ಲ.

ಮೊದಲ ಹೆಜ್ಜೆ: ಗುಣ ಬೇಡ, ಕೆಲಸ ಬರೆಯಿರಿ

ತರಬೇತಿ ಶುರುವಾಗುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ, ಈ ಹುಡುಗ ಅಥವಾ ಹುಡುಗಿ ಹೋಗುವಷ್ಟರಲ್ಲಿ ಯಾವ ಯಾವ ಕೆಲಸ ಮಾಡಲು ಬರಬೇಕು ಎಂದು ಬರೆಯಿರಿ. ‘ಸಂವಹನ ಕೌಶಲ’, ‘ವೃತ್ತಿಪರತೆ’, ‘ಜವಾಬ್ದಾರಿ’ ಎಂದು ಬರೆದರೆ ಆರಂಭದಲ್ಲೇ ಕೆಟ್ಟಿತು. ಅವನ್ನು ಯಾರೂ ಕಣ್ಣಿನಿಂದ ನೋಡಲಾರರು. ಕೊನೆಗೆ ‘ಒಳ್ಳೆಯ ಹುಡುಗ, 4’ ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಕೆಲಸ ಎಂದರೆ ಇಷ್ಟು ಗಂಟೆಗೆ ಶುರುವಾಗಿ ಇಷ್ಟು ಗಂಟೆಗೆ ಮುಗಿಯುವಂಥದು. ಏಳೆಂಟು ಸಾಕು. ಮೆಡಿಕಲ್ ಶಾಪಿಗೆ ನಾನು ಶಿಫಾರಸು ಮಾಡುವವು: ಚೀಟಿ ಓದಿ ಸಂಶಯ ಬಂದರೆ ಡಾಕ್ಟರಿಗೆ ಫೋನ್ ಮಾಡುವುದು, ಮಗುವಿನ ಸಿರಪ್‌ನ ಅಳತೆ ಪರೀಕ್ಷಿಸುವುದು, ಇನ್ಸುಲಿನ್ ಮತ್ತು ಸಿರಿಂಜು ಕೊಡುವುದು, ಇನ್‌ಹೇಲರ್ ಬಳಸುವುದನ್ನು ತೋರಿಸುವುದು, ಶೆಡ್ಯೂಲ್ ಎಚ್‌1 ರಿಜಿಸ್ಟರ್ ಬರೆಯುವುದು, ಫ್ರಿಜ್ ನೋಡಿಕೊಳ್ಳುವುದು, ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೇಳಿದವರಿಗೆ ಇಲ್ಲ ಅನ್ನುವುದು.

ಕೊನೆಯದನ್ನು ಬಿಡಬೇಡಿ. ಪರಿಚಯದವರು ಬಂದು, ‘ಹೋದ ಸಲ ಕೊಟ್ಟಿದ್ರಲ್ಲ, ಅದೇ ಒಂದು ಶೀಟು ಕೊಡಿ, ಡಾಕ್ಟ್ರಿಗೆ ಯಾಕೆ ಐನೂರು ದಂಡ’ ಅಂದಾಗ ಮುಖ ಕೆಡಿಸಿಕೊಳ್ಳದೆ ಇಲ್ಲ ಅನ್ನುವುದು ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಅಂಗಡಿಯ ಮಾಲೀಕರೇ ಕೊಟ್ಟು ಕಳಿಸುವ ಕಡೆ ಟ್ರೇನಿಯಿಂದ ಇದನ್ನು ನಿರೀಕ್ಷಿಸುವುದು ನಗೆಪಾಟಲು ಎನ್ನುವುದೂ ನಿಜ.

ಪ್ರತಿ ಕೆಲಸದ ಕೆಳಗೆ ‘ಸರಿಯಾಗಿ ಮಾಡಿದರೆ ಹೀಗಿರುತ್ತದೆ’ ಎಂದು ಎರಡು ಮೂರು ಸಾಲು ಬೇಕು. ಎರಡನ್ನು ಮಾದರಿಗೆ ಬಿಡಿಸಿ ಹೇಳುತ್ತೇನೆ.

ಸಿರಪ್: ತಾಯಿ 12 ಕಿಲೋ ತೂಗುವ ಮಗುವಿಗೆ ಜ್ವರದ ಔಷಧ ಒಯ್ಯುತ್ತಿದ್ದಾಳೆ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 15ರಂತೆ ಹಿಡಿದರೆ 180 ಮಿಲಿಗ್ರಾಂ. 5 ಮಿ.ಲೀ.ಯಲ್ಲಿ 250 ಮಿಲಿಗ್ರಾಂ ಇರುವ ಬಾಟಲಿಯಾದರೆ 3.6 ಮಿ.ಲೀ., 5 ಮಿ.ಲೀ.ಯಲ್ಲಿ 125 ಇರುವುದಾದರೆ 7.2 ಮಿ.ಲೀ., ಒಂದೇ ಮಿ.ಲೀ.ಯಲ್ಲಿ 100 ಇರುವ ಡ್ರಾಪ್ಸ್ ಆದರೆ 1.8 ಮಿ.ಲೀ. ಮೂರೂ ಒಂದೇ ರ‍್ಯಾಕಿನಲ್ಲಿ ಅಕ್ಕಪಕ್ಕ ಇರುತ್ತವೆ. ಸಿರಪ್ ಅಂದುಕೊಂಡು ಡ್ರಾಪ್ಸನ್ನು 5 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು. ಆದ್ದರಿಂದ ‘ಸರಿಯಾಗಿ ಮಾಡಿದರೆ’ ಎಂದರೆ: ಟ್ರೇನಿ ತೂಕ ಕೇಳಿದಳು, ಬಾಟಲಿಯ ಮೇಲಿನ ಸಾಂದ್ರತೆಯನ್ನು ಚೀಟಿಗೆ ತಾಳೆ ಹಾಕಿದಳು, ‘ಒಂದು ಚಮಚ’ ಅನ್ನದೆ ಬಾಟಲಿಯ ಜೊತೆಯ ಅಳತೆಯ ಮುಚ್ಚಳದಲ್ಲೋ ಡ್ರಾಪರ್‌ನಲ್ಲೋ ಗೆರೆ ಮುಟ್ಟಿ ತೋರಿಸಿದಳು, ಎಷ್ಟು ಗಂಟೆ ಬಿಟ್ಟು ಮತ್ತೆ ಕೊಡಬೇಕೆಂದು ಹೇಳಿದಳು.

ಇನ್ಸುಲಿನ್: ನಮ್ಮಲ್ಲಿ ವಯಲ್‌ನ ಇನ್ಸುಲಿನ್ ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. 100 ಯೂನಿಟ್‌ನ ವಯಲ್‌ಗಳೂ ಇವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್. ತಿರುಗಾಮುರುಗಾ ಆಗಿ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ 50 ಯೂನಿಟ್. ರೋಗಿ ರಾತ್ರಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಇದನ್ನು ಬಾಯಿಪ್ರಶ್ನೆಯಾಗಿ ಕೇಳಿದರೆ ಎಲ್ಲರೂ ಸರಿ ಹೇಳುತ್ತಾರೆ. ಕೇಳಬೇಡಿ. ಎರಡೂ ಬಗೆಯ ಸಿರಿಂಜು ಇರುವ ಡಬ್ಬಿಯ ಮುಂದೆ ನಿಲ್ಲಿಸಿ, ವಯಲ್‌ನ ಚೀಟಿ ಬಂದಾಗ ಕೈ ಎತ್ತ ಹೋಗುತ್ತದೆ ನೋಡಿ.

ಉಳಿದವನ್ನು ನೀವೇ ಬರೆದುಕೊಳ್ಳುತ್ತೀರಿ. ಎಚ್‌1 ರಿಜಿಸ್ಟರ್ 2014ರಿಂದ ಇದೆ. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ, ಮೂರು ವರ್ಷ ಕಾದಿಡುವುದು, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಫ್ರಿಜ್ 2ರಿಂದ 8 ಡಿಗ್ರಿ.

ಎರಡನೆಯ ಹೆಜ್ಜೆ: ನೋಡುವುದು, ಬಾಯಿ ಹಾಕದೆ

ಒಂದು ಸಲ ನೋಡುವುದಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಚೀಟಿ ಕೈಗೆ ಬಂದಾಗಿನಿಂದ ಗಿರಾಕಿ ಮೆಟ್ಟಿಲಿಳಿಯುವವರೆಗೆ ಒಂದು ಕೆಲಸ, ಮೊದಲಿಂದ ಕೊನೆಯವರೆಗೆ. ಸಂಜೆ ಆರರಿಂದ ಒಂಬತ್ತರ ನೂಕುನುಗ್ಗಲಿನಲ್ಲಿ ಶುರುಮಾಡಬೇಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿ ತಣ್ಣಗಿರುತ್ತದೆ. ಎರಡನೆಯ ತಿಂಗಳ ಹೊತ್ತಿಗೆ ನೂಕುನುಗ್ಗಲಿನಲ್ಲೂ ನೋಡಬೇಕು, ತಪ್ಪುಗಳಾಗುವುದು ಆವಾಗಲೇ.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಒಳ್ಳೆಯ ಫಾರ್ಮಸಿಸ್ಟ್‌ಗಳೇ ಇದರಲ್ಲಿ ಹೆಚ್ಚು ಎಡವುವವರು.

ಚೀಟಿಯಲ್ಲಿ ಥೈರಾಯ್ಡ್ ಮಾತ್ರೆ. ಟ್ರೇನಿ ಶೀಟು ತೆಗೆದಿಟ್ಟಳು, ಬಿಲ್ ಆಯಿತು, ಈಗ ಹೇಳಬೇಕು. ಒಂದು ಕ್ಷಣ ತಡವರಿಸಿದಳು. ಕಂಪ್ಯೂಟರ್ ಮುಂದೆ ಕೂತ ನೀವು ತಲೆ ಎತ್ತದೆಯೇ, ‘ಖಾಲಿ ಹೊಟ್ಟೆ ಅಂತ ಹೇಳಮ್ಮ’ ಅನ್ನುತ್ತೀರಿ. ಅವಳು, ‘ಖಾಲಿ ಹೊಟ್ಟೇಲಿ ತಗೊಳ್ಳಿ ಅಂಕಲ್’ ಅನ್ನುತ್ತಾಳೆ. ಗಿರಾಕಿ ಹೋಗುತ್ತಾನೆ. ಕೊನೆಯ ವಾರ ಫಾರಂ ತುಂಬುವಾಗ ನಿಮಗೆ ನೆನಪಿರುವುದು, ಅವಳು ಖಾಲಿ ಹೊಟ್ಟೆ ಎಂದು ಹೇಳಿದ್ದು. 4. ನಿಜಕ್ಕೂ ಅಲ್ಲಿ ಅಳತೆಗೆ ಸಿಕ್ಕಿದ್ದು ನಿಮ್ಮ ಜ್ಞಾನ. ಅವಳಿಗೆ ಅದು ಗೊತ್ತಿತ್ತೇ, ಇನ್ನೆರಡು ಸೆಕೆಂಡ್ ಬಿಟ್ಟಿದ್ದರೆ ಹೇಳುತ್ತಿದ್ದಳೇ, ಟೀ ಕಾಫಿ ಎಷ್ಟು ಹೊತ್ತು ಬಿಟ್ಟು ಕುಡಿಯಬೇಕೆಂದು ಸೇರಿಸುತ್ತಿದ್ದಳೇ, ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೇ ನುಂಗುತ್ತಾರಾ ಎಂದು ಕೇಳುತ್ತಿದ್ದಳೇ? ಒಂದೂ ತಿಳಿಯಲಿಲ್ಲ. ಸೈಕಲ್ ಕಲಿಸುವವನು ಸೀಟು ಹಿಡಿದೇ ಓಡುತ್ತಿದ್ದರೆ ಹುಡುಗನಿಗೆ ಬ್ಯಾಲೆನ್ಸ್ ಬಂದಿದೆಯೋ ಇಲ್ಲವೋ ಇಬ್ಬರಿಗೂ ತಿಳಿಯುವುದಿಲ್ಲ.

ಬಾಯಿ ಹಾಕುವುದು ಬಾಯಿಂದಲೇ ಆಗಬೇಕೆಂದಿಲ್ಲ. ಟ್ರೇನಿ ಮೆಟ್‌ಫಾರ್ಮಿನ್ ಇರುವಲ್ಲಿ ಮೆಟ್ರೊನಿಡಜೋಲ್ ಕಡೆ ಕೈ ಚಾಚಿದಾಗ ನೀವೊಂದು ಸಲ ಕೆಮ್ಮುತ್ತೀರಿ. ಕೈ ಹಿಂದೆ ಬರುತ್ತದೆ. ಇನ್ನು ಕೆಲವರದು ಹುಬ್ಬು. ಮೂರು ತಿಂಗಳಲ್ಲಿ ಚುರುಕಾದ ಹುಡುಗರು ಔಷಧಶಾಸ್ತ್ರಕ್ಕಿಂತ ಚೆನ್ನಾಗಿ ನಿಮ್ಮ ಹುಬ್ಬನ್ನು ಓದಲು ಕಲಿತಿರುತ್ತಾರೆ. ಅವರನ್ನು ಬೇರೆ ಅಂಗಡಿಯಲ್ಲಿ ಒಂಟಿಯಾಗಿ ನಿಲ್ಲಿಸಿದಾಗ ಆ ಹುಬ್ಬು ಅಲ್ಲಿರುವುದಿಲ್ಲ.

ಗಿರಾಕಿಯೂ ನಿಮ್ಮನ್ನು ಎಳೆಯುತ್ತಾನೆ. ಚಿಕ್ಕ ಹುಡುಗಿ ವಿವರಿಸುತ್ತಿದ್ದರೆ ಯಜಮಾನರು ಅವಳ ತಲೆಯ ಮೇಲಿಂದ ನಿಮ್ಮನ್ನೇ ನೋಡುತ್ತಾ, ‘ನೀವೇ ಹೇಳಿ ಸಾರ್’ ಅನ್ನುತ್ತಾರೆ. ಅದಕ್ಕೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಗಿರಾಕಿಯ ಎದುರಿಗಲ್ಲ, ಪಕ್ಕಕ್ಕೆ, ಅವರ ಕಣ್ಣಿಗೆ ನೇರ ಸಿಗದ ಕಡೆ ನಿಲ್ಲಿ. ಶುರುವಿನಲ್ಲೇ, ‘ಇವತ್ತು ನಮ್ಮ ಹುಡುಗಿ ಹೇಳ್ತಾಳೆ, ನಾನು ಇಲ್ಲೇ ಇರ್ತೀನಿ, ಕೊಡೋ ಮುಂಚೆ ಎಲ್ಲ ನೋಡ್ತೀನಿ’ ಎಂದು ಒಂದು ಮಾತು ಹೇಳಿಬಿಡಿ. ಬಹುತೇಕ ಜನ ಒಪ್ಪುತ್ತಾರೆ. ಒಪ್ಪದವರಿಗೆ ನೀವೇ ಕೊಟ್ಟು ಕಳಿಸಿ. ರೋಗಿ ನಮ್ಮ ಪರೀಕ್ಷೆಯ ಸಾಮಗ್ರಿಯಲ್ಲ.

ಹಾಗಾದರೆ ತಪ್ಪು ಔಷಧ ಹೋಗುತ್ತಿದ್ದರೂ ಸುಮ್ಮನಿರಬೇಕೇ? ಇಲ್ಲ. ಕೌಂಟರಿನ ಮೇಲೆ ಒಂದು ಗೆರೆ ಹಾಕಿಕೊಳ್ಳಿ, ಟೇಪ್ ಅಂಟಿಸಿದರೂ ಸರಿ. ಆ ಗೆರೆ ದಾಟುವ ಮುನ್ನ ಪ್ರತಿ ಪೊಟ್ಟಣವನ್ನೂ ನೀವು ಚೀಟಿಗೆ ತಾಳೆ ನೋಡಬೇಕು. ಇದು ಕಾನೂನಿಗೂ ಬೇಕು, ಮನಸ್ಸಿನ ನೆಮ್ಮದಿಗೂ ಬೇಕು. ಗೆರೆ ಇದೆ ಎಂಬ ಧೈರ್ಯವಿದ್ದರೆ ಅದಕ್ಕೆ ಮುಂಚಿನ ಒಂದೆರಡು ನಿಮಿಷ ನಾಲಿಗೆ ಹಿಡಿದುಕೊಳ್ಳುವುದು ಸುಲಭ. ಟ್ರೇನಿ ತಪ್ಪು ಶೀಟು ತೆಗೆದರೆ ತೆಗೆಯಲಿ. ಬಿಲ್ ಮಾಡುವಾಗ ತಾನೇ ಹಿಡಿಯುತ್ತಾಳಾ ನೋಡಿ. ಹಿಡಿದರೆ ಅದು ತಪ್ಪಿಗಿಂತ ದೊಡ್ಡ ಮಾಹಿತಿ. ತನ್ನ ಕೆಲಸವನ್ನು ತಾನೇ ಇನ್ನೊಮ್ಮೆ ನೋಡುವ ಅಭ್ಯಾಸ ಅವಳಿಗಿದೆ ಎಂದಾಯಿತು. ಆ ಅಭ್ಯಾಸ ಇರುವವರು ಫಾರ್ಮಸಿಯಲ್ಲಿ ಬಾಳುತ್ತಾರೆ.

ಗೆರೆಗೆ ಮುಂಚೆಯೇ ಬಾಯಿ ಬಿಡಬೇಕಾದ ಸಂದರ್ಭ ನನ್ನ ಲೆಕ್ಕದಲ್ಲಿ ಮೂರೇ. ಹಾನಿಯಾಗುವಂಥ ತಪ್ಪು ಮಾಹಿತಿ ಗಿರಾಕಿಯ ಕಿವಿಗೆ ಬಿದ್ದಾಗ. ಗಿರಾಕಿ ಎದೆನೋವು, ಉಸಿರಾಟದ ತೊಂದರೆ ಎಂಬಂಥ ಮಾತು ಆಡಿದ್ದು ಟ್ರೇನಿಯ ಕಿವಿಗೆ ಬೀಳದೇ ಹೋದಾಗ. ಮತ್ತು ಗಿರಾಕಿಗೆ ಮುಜುಗರವಾಗುತ್ತಿದೆ ಅನ್ನಿಸಿದಾಗ. ಮಿಕ್ಕ ಹೊತ್ತಿನಲ್ಲಿ ಪೆನ್ನು ಓಡಲಿ, ನಾಲಿಗೆ ಬೇಡ. ಅವಳು ಮರೆತದ್ದೇನಾದರೂ ಇದ್ದರೆ ಕೊನೆಯಲ್ಲಿ, ಗಿರಾಕಿ ಹೊರಡುವ ಮುನ್ನ, ‘ಇನ್ನೊಂದು ಮಾತು ಸೇರಿಸ್ತೀನಿ’ ಎಂದು ನೀವು ಹೇಳಿ ಕಳಿಸಿ. ಆಗ ರೋಗಿಗೂ ನಷ್ಟವಿಲ್ಲ, ನೋಡಿದ್ದೂ ಕೆಡಲಿಲ್ಲ.

ಇಷ್ಟಾದರೂ ಬಾಯಿ ಜಾರುತ್ತದೆ. ಜಾರಿದರೆ ಅದನ್ನು ಬರೆದುಕೊಳ್ಳಿ: ‘ಖಾಲಿ ಹೊಟ್ಟೆ: ನಾನು ಹೇಳಿದೆ.’ ಆ ಅಂಶಕ್ಕೆ ಅವತ್ತು ಅಂಕ ಇಲ್ಲ, ಕಡಿಮೆಯೂ ಇಲ್ಲ ಹೆಚ್ಚೂ ಇಲ್ಲ. ಇನ್ನೊಂದು ದಿನ ನೋಡಿದರಾಯಿತು.

ಇದಕ್ಕೆ ತೀರಾ ವಿರುದ್ಧದ ಅಭ್ಯಾಸವೂ ಉಂಟು. ‘ನಮ್ಮ ಹಳೇ ಸೇಲ್ಸ್‌ಮನ್ ಜೊತೆ ಬಿಟ್ಟಿದ್ದೀನಿ, ಅವನು ಹೇಳ್ತಾನೆ ಹೇಗಿದ್ದಾಳೆ ಅಂತ.’ ಆ ಹಳೆಯ ಕೈಗೆ ಯಾವ ಶೀಟು ಎಲ್ಲಿದೆ ಎಂದು ಕಣ್ಣು ಮುಚ್ಚಿ ಗೊತ್ತು, ಗೌರವ ಇರಲಿ. ಟ್ರೇನಿಯ ನಡತೆ, ಸಮಯಪಾಲನೆ, ಗಿರಾಕಿಯ ಜೊತೆಗಿನ ಮಾತು ಇವುಗಳ ಬಗ್ಗೆ ಅವನನ್ನು ಖಂಡಿತ ಕೇಳಿ. ಔಷಧ ಕೊಡುವ ಕೆಲಸಕ್ಕೆ ಅಂಕ ಹಾಕಲು ನೋಂದಾಯಿತ ಫಾರ್ಮಸಿಸ್ಟೇ ಬೇಕು. ಒಬ್ಬರೇ ಫಾರ್ಮಸಿಸ್ಟ್ ಇರುವಲ್ಲಿ ಇಬ್ಬರಿಗಿಂತ ಹೆಚ್ಚು ಟ್ರೇನಿಗಳು ಬೇಡ, ಇನ್ನೊಬ್ಬ ಫಾರ್ಮಸಿಸ್ಟ್ ಇದ್ದರೆ ಇನ್ನೊಬ್ಬ ಟ್ರೇನಿ ಎಂದು 1991ರ ನಿಯಮಾವಳಿ ಹೇಳಿದ್ದು ಇದೇ ಕಾರಣಕ್ಕೆ ಎಂದು ನನ್ನ ಭಾವನೆ: ಒಂದು ಜೊತೆ ಕಣ್ಣಿಗೆ ಅಷ್ಟೇ ಸಾಧ್ಯ.

ಮೂರನೆಯ ಹೆಜ್ಜೆ: ಕಂಡದ್ದನ್ನು ಬರೆಯಿರಿ

‘ಚೆನ್ನಾಗಿ ಮಾಡಿದಳು’ ಎಂದು ಬರೆದರೆ ಹತ್ತು ದಿನದ ನಂತರ ಓದಿದಾಗ ಏನೂ ತಿಳಿಯುವುದಿಲ್ಲ. ಈ ಎರಡು ಟಿಪ್ಪಣಿ ಹೋಲಿಸಿ ನೋಡಿ.

‘ಇನ್‌ಹೇಲರ್ ತೋರಿಸಿದ್ದು: ಉತ್ತಮ. ಆತ್ಮವಿಶ್ವಾಸ ಇದೆ.’

‘ಇನ್‌ಹೇಲರ್: ಅಲುಗಾಡಿಸಿ ತೋರಿಸಿದಳು. ಮೊದಲು ಉಸಿರು ಹೊರಗೆ ಬಿಡಬೇಕೆಂದು ಹೇಳಲಿಲ್ಲ. ಒತ್ತುವುದೂ ಎಳೆಯುವುದೂ ಒಟ್ಟಿಗೆ, ನಿಧಾನವಾಗಿ ಎಂದು ಹೇಳಿದಳು. ಹತ್ತು ಎಣಿಸುವವರೆಗೆ ಹಿಡಿಯಿರಿ ಎಂದಳು. ಸ್ಟೀರಾಯ್ಡ್ ಇರುವುದಾದರೂ ಬಾಯಿ ಮುಕ್ಕಳಿಸಲು ಹೇಳಲಿಲ್ಲ. ಅಜ್ಜನಿಂದ ಮಾಡಿಸಿ ನೋಡಲಿಲ್ಲ; ‘ಅರ್ಥ ಆಯ್ತಾ ತಾತ’ ಎಂದು ಕೇಳಿದಳು, ತಾತ ತಲೆಯಾಡಿಸಿದರು.’

ಎರಡನೆಯದಕ್ಕೆ ಮೂರು ನಿಮಿಷ ಹಿಡಿಯಬಹುದು, ಆದರೆ ಮುಂದಿನ ವಾರ ಏನು ಕಲಿಸಬೇಕು ಎನ್ನುವುದು ಅದರಲ್ಲೇ ಇದೆ. ಆ ಕೊನೆಯ ಸಾಲನ್ನು ಗಮನಿಸಿ. ಅರ್ಥ ಆಯ್ತಾ ಅಂದರೆ ನಮ್ಮ ಜನ ಆಯ್ತು ಅನ್ನುತ್ತಾರೆ, ಆಗದಿದ್ದರೂ. ‘ಮನೇಲಿ ಹೇಗೆ ತಗೋತೀರಿ, ಒಂದ್ಸಲ ನನಗೆ ಹೇಳಿ ನೋಡೋಣ’ ಎಂದು ಕೇಳಿದಳೇ ಎನ್ನುವುದು ಪ್ರತಿ ಟಿಪ್ಪಣಿಯಲ್ಲೂ ಇರಬೇಕಾದ ಸಾಲು. ಮೆಥೊಟ್ರೆಕ್ಸೇಟ್ ಕೊಡುವಾಗ ಇದು ಬಿಟ್ಟರೆ ಜೀವಕ್ಕೇ ಅಪಾಯ. ಸಂಧಿವಾತಕ್ಕೆ ಅದು ವಾರಕ್ಕೊಂದು ಸಲ. ದಿನಾ ನುಂಗಿ ಮೂಳೆಮಜ್ಜೆ ಕೆಟ್ಟು ಸತ್ತ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಟ್ರೇನಿ ‘ವಾರಕ್ಕೊಮ್ಮೆ’ ಎಂದಷ್ಟೇ ಹೇಳಿದರೆ ಅರ್ಧ ಕೆಲಸ. ‘ಯಾವ ವಾರ ತಗೋತೀರಿ? ಸೋಮವಾರಾನಾ? ಹಾಗಾದ್ರೆ ಸೋಮವಾರ ಮಾತ್ರ’ ಎಂದು ಪೊಟ್ಟಣದ ಮೇಲೆ ಬರೆದುಕೊಟ್ಟರೆ ಪೂರ್ತಿ ಕೆಲಸ.

ಶೀಟು ಕತ್ತರಿಸುವುದನ್ನೂ ನೋಡಿ ಬರೆಯಿರಿ. ಐದು ಮಾತ್ರೆ ಕೊಡುವಾಗ ಎಕ್ಸ್‌ಪೈರಿ ಮತ್ತು ಬ್ಯಾಚ್ ನಂಬರ್ ಇರುವ ತುದಿಯನ್ನೇ ಕತ್ತರಿಸಿ ಕೊಟ್ಟು, ಉಳಿದ ತುಂಡನ್ನು ಕುರುಡಾಗಿ ರ‍್ಯಾಕಿಗೆ ಹಾಕುವವರು ಎಷ್ಟೋ ಮಂದಿ.

ವಾರ್ಡಿನಲ್ಲಿರುವ ಫಾರ್ಮ್.ಡಿ ಇಂಟರ್ನ್‌ಗಳಿಗೆ ಇದರ ಜೊತೆ ಕೇಸ್ ಚರ್ಚೆಯೂ ಬೇಕು. ಆದರೆ ಕೇಸನ್ನು ಆರಿಸುವವರು ನೀವಾಗಿರಿ. ಇಂಟರ್ನ್‌ಗೆ ಬಿಟ್ಟರೆ ಸೆಮಿನಾರಿಗೆ ಉಜ್ಜಿ ಉಜ್ಜಿ ಹೊಳಪು ಮಾಡಿದ ಕೇಸೇ ಬರುತ್ತದೆ. ಅವಳು ನೋಡುತ್ತಿರುವ ಹಾಸಿಗೆಗಳಲ್ಲಿ ಯಾವುದಾದರೂ ಒಂದರ ಫೈಲು ಎತ್ತಿ, ‘ಇವರಿಗೆ ಇವತ್ತು ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಇಳಿದಿದೆ, ಚಾರ್ಟಿನಲ್ಲಿ ಏನು ನೋಡ್ತೀಯಾ?’ ಎಂದು ಕೇಳಿ. ಮೆಟ್‌ಫಾರ್ಮಿನ್ ನಿಲ್ಲಿಸಬೇಕು ಅನ್ನುವುದು ಪುಸ್ತಕದಲ್ಲಿದೆ. ಅದನ್ನು ಪಿ.ಜಿ. ಡಾಕ್ಟರಿಗೆ ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಹೇಳಿದಳು, ಅವರು ಗದರಿದರೆ ಏನು ಮಾಡಿದಳು ಎನ್ನುವುದು ಪುಸ್ತಕದಲ್ಲಿಲ್ಲ. ಅಂಕ ಅದಕ್ಕೆ ಹಾಕಿ.

ನಾಲ್ಕನೆಯ ಹೆಜ್ಜೆ: ಅವತ್ತೇ ಹೇಳಿ

ನೋಡಿದ ದಿನವೇ, ಶಟರ್ ಎಳೆಯುವ ಮುನ್ನ, ಐದು ನಿಮಿಷ. ಗಿರಾಕಿಯ ಮುಂದೆ ಬೇಡ, ಬೇರೆ ಹುಡುಗರ ಮುಂದೆಯೂ ಬೇಡ. ಮೊದಲು ಅವಳನ್ನೇ ಕೇಳಿ, ‘ಇನ್ನೊಂದು ಸಲ ಮಾಡಿದ್ರೆ ಏನು ಬದಲಾಯಿಸ್ತೀಯಾ?’ ಹೆಚ್ಚಿನವರಿಗೆ ತಮ್ಮ ತಪ್ಪು ತಾವಾಗೇ ಗೊತ್ತಿರುತ್ತದೆ. ಆಮೇಲೆ ಹಾಗೇ ಉಳಿಸಿಕೊಳ್ಳಬೇಕಾದ್ದು ಒಂದು, ಬದಲಿಸಬೇಕಾದ್ದು ಒಂದು. ಏಳು ಹೇಳಿದರೆ ಏಳೂ ಮರೆಯುತ್ತಾರೆ. ಬದಲಿಸಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಅವಳ ಕೈಯಿಂದಲೇ ಬರೆಸಿ, ಮುಂದಿನ ವಾರ ನೋಡುವುದನ್ನು ಅಲ್ಲಿಂದಲೇ ಶುರುಮಾಡಿ.

ಅಂಕವನ್ನು ಈ ಹೊತ್ತಿನಲ್ಲಿ ಹೇಳಬೇಡಿ ಎಂಬುದು ನನ್ನ ಅಭಿಪ್ರಾಯ. 3 ಎಂದ ಕೂಡಲೇ ಕಿವಿ ಮುಚ್ಚಿಹೋಗುತ್ತದೆ, ಮಿಕ್ಕ ಮಾತು ಒಳಗೆ ಇಳಿಯುವುದಿಲ್ಲ. ಇದನ್ನು ಒಪ್ಪದ ಅಧ್ಯಾಪಕರಿದ್ದಾರೆ.

ಐದನೆಯ ಹೆಜ್ಜೆ: ಎಷ್ಟು ಬಿಟ್ಟುಕೊಡಬಹುದು

0ಯಿಂದ 5ರ ಅಂಕಕ್ಕಿಂತ ನಿಮ್ಮ ದಿನದ ಕೆಲಸಕ್ಕೆ ಒದಗುವ ಅಳತೆ ಒಂದಿದೆ. ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನ ಒಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ಆಲೋಚನೆಯಿಂದ ಬೆಳೆದದ್ದು ಇದು. ಈ ಕೆಲಸವನ್ನು ಇವಳಿಗೆ ಎಷ್ಟು ನಂಬಿ ಬಿಡಬಹುದು ಎಂಬುದೇ ಪ್ರಶ್ನೆ. ನೋಡಲಿ, ಮಾಡುವುದು ಬೇಡ; ನಾನು ಪಕ್ಕದಲ್ಲೇ ನಿಂತಾಗ ಮಾಡಲಿ; ಕರೆದರೆ ಬರುವಷ್ಟು ಹತ್ತಿರ ಇದ್ದಾಗ ಮಾಡಲಿ; ಒಬ್ಬಳೇ ಮಾಡಲಿ; ಬೇರೆಯವರಿಗೆ ಅವಳೇ ಮೇಲ್ವಿಚಾರಕಿ ಆಗಲಿ. ಹೀಗೆ ಐದು ಮೆಟ್ಟಿಲು.

ನಮ್ಮಲ್ಲಿ ಇದನ್ನು ಹಾಗೇ ಎತ್ತಿ ಬಳಸಬೇಡಿ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಚೀಟಿಯ ಔಷಧ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟ್‌ಗೆ ಮೀಸಲಿಟ್ಟಿದೆ. 1945ರ ಔಷಧ ನಿಯಮಗಳ 65ನೇ ನಿಯಮ ಆ ಕೆಲಸ ಅವರ ಖುದ್ದು ಮೇಲ್ವಿಚಾರಣೆಯಲ್ಲೇ ಆಗಬೇಕು ಎನ್ನುತ್ತದೆ. ಆದ್ದರಿಂದ ಟ್ರೇನಿ ಎಷ್ಟೇ ಜಾಣೆಯಾದರೂ ಚೀಟಿಯ ಔಷಧದ ಮಟ್ಟಿಗೆ ಮೂರನೆಯ ಮೆಟ್ಟಿಲೇ ಕೊನೆ. ‘ಅರ್ಧ ಗಂಟೆ ನೋಡ್ಕೋ, ಬ್ಯಾಂಕಿಗೆ ಹೋಗಿಬರ್ತೀನಿ’ ಎಂದು ಹೋದರೆ ಅದು ನಂಬಿಕೆಯಲ್ಲ, ಉಲ್ಲಂಘನೆ. ಕೊನೆಯ ವಾರ ನೀವು ಉತ್ತರಿಸಬೇಕಾದ ಪ್ರಶ್ನೆ ಹೀಗಿರಲಿ: ನೋಂದಣಿಯಾದ ಮರುದಿನ ಈ ಕೆಲಸವನ್ನು ಇವಳು ಒಬ್ಬಳೇ ಮಾಡಬಲ್ಲಳೇ? ಒಟ್ಟಾರೆ ಅಂದಾಜಿನಿಂದ ಅಲ್ಲ, ಪಟ್ಟಿಯ ಏಳೆಂಟು ಕೆಲಸಕ್ಕೂ ಬೇರೆ ಬೇರೆಯಾಗಿ. ಇನ್ಸುಲಿನ್‌ನಲ್ಲಿ ಹೌದು, ಮಕ್ಕಳ ಅಳತೆಯಲ್ಲಿ ಇನ್ನೂ ಇಲ್ಲ ಎಂಬ ಉತ್ತರ ಬರುವುದು ಸಹಜ, ಅದೇ ಪ್ರಾಮಾಣಿಕ.

ಉಳಿದದ್ದು ಬೇಗ ಬೇಗ

ಒಂದು ಕೆಲಸವನ್ನು ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಮೂರು ನಾಲ್ಕು ಬೇರೆ ದಿನ, ಬೇರೆ ಬೇರೆ ರೋಗಿಗಳ ಜೊತೆ. ಸಾಧ್ಯವಾದರೆ ಇನ್ನೊಬ್ಬ ಫಾರ್ಮಸಿಸ್ಟ್ ಕೂಡ ನೋಡಲಿ. ಆಸ್ಪತ್ರೆಯಲ್ಲಾದರೆ ವಾರ್ಡಿನ ಸಿಸ್ಟರ್‌ಗಳನ್ನು ಕೇಳಿ, ಅವರ ಕಣ್ಣಿಗೆ ಬೀಳದ್ದು ಕಡಿಮೆ.

ಅವಧಿಯ ನಡುವೆ ಒಂದು ಸಲ ನೋಟ್‌ಬುಕ್ ಪೂರ್ತಿ ಓದಿ, ಹಿಂದೆ ಬಿದ್ದಿರುವ ಕೆಲಸ ಯಾವುದೆಂದು ಟ್ರೇನಿಗೂ ಕಾಲೇಜಿಗೂ ಬರವಣಿಗೆಯಲ್ಲಿ ತಿಳಿಸಿ. ಕೊನೆಯ ದಿನ ಮೊದಲ ಬಾರಿಗೆ 2 ಹಾಕುವುದು ಅನ್ಯಾಯ, ಜಗಳಕ್ಕೂ ದಾರಿ. ನಡುವೆ ತಿಳಿಸಿ, ಮತ್ತೆ ಕಲಿಸಿ, ಮತ್ತೆ ನೋಡಿ, ಆಗಲೂ ಆಗದಿದ್ದರೆ 2 ಹಾಕಲು ಹಿಂಜರಿಯಬೇಡಿ. ಯಾರದೋ ಶಿಫಾರಸು, ಪರಿಚಯದವರ ಮಗ, ‘ಪಾಪ, ಒಂದು ವರ್ಷ ಹಾಳಾಗುತ್ತೆ’ ಎಂಬ ಫೋನು ಬಂದೇ ಬರುತ್ತದೆ. ದಿನಾಂಕ ಹಾಕಿದ ಟಿಪ್ಪಣಿಗಳು ಇದ್ದರೆ ಉತ್ತರ ಕೊಡುವುದು ಕಷ್ಟವಿಲ್ಲ.

ಡಿ.ಫಾರ್ಮ್ ಫಾರಂನಲ್ಲಿ ಸಾಮರ್ಥ್ಯ ಬರೆಯಲು ಜಾಗ ಸಾಲುವುದಿಲ್ಲ. ಪ್ರತ್ಯೇಕ ಹಾಳೆಯಲ್ಲಿ ಬರೆದು, ಸಹಿ ಹಾಕಿ, ಫಾರಂ ಜೊತೆ ಲಗತ್ತಿಸಿ. ಟಿಪ್ಪಣಿಗಳಲ್ಲಿ ರೋಗಿಯ ಹೆಸರು, ಫೋನ್ ನಂಬರ್ ಬರೆಯಬೇಡಿ. ನೋಟ್‌ಬುಕ್ಕಿನ ಒಂದು ಪ್ರತಿ ಟ್ರೇನಿಗೆ ಕೊಟ್ಟು, ಮೂಲವನ್ನು ಎಚ್‌1 ರಿಜಿಸ್ಟರ್ ಇಡುವ ಕಪಾಟಿನಲ್ಲೇ ಇಟ್ಟುಕೊಳ್ಳಿ.